ಮೋಟಾರಿನ ಕಾಯಿಲೆಯನ್ನು ದೂರದಿಂದ ಹೇಳುವ ಬಗೆ

ಮನೆಯ ಹಸುವಿಗೆ ಹುಷಾರಿಲ್ಲದಾಗ ನೀವು ಪಶುವೈದ್ಯರಿಗೆ ಏನು ಹೇಳುತ್ತೀರಿ? ನಿನ್ನೆ ಸಂಜೆಯಿಂದ ಮೇವು ಬಿಟ್ಟಿದೆ, ಮೆಲುಕು ಹಾಕುತ್ತಿಲ್ಲ, ಕಿವಿ ತಣ್ಣಗಿದೆ, ಸೆಗಣಿ ನೀರಾಗಿದೆ ಎನ್ನುತ್ತೀರಿ. ವೈದ್ಯರು ಊರಿಗೆ ಬರುವ ಮೊದಲೇ ಅರ್ಧ ವಿಷಯ ಅವರಿಗೆ ತಿಳಿದಿರುತ್ತದೆ. ಅದೇ ವರ್ಕ್‌ಶಾಪಿನ ಮೋಟಾರು ನಿಂತುಹೋದರೆ ಮೆಕ್ಯಾನಿಕ್ಕಿಗೆ ಫೋನು ಮಾಡಿ ನಾವು ಹೇಳುವುದು ಒಂದೇ ಮಾತು: "ಮೋಟಾರು ಹೋಯ್ತು." ಹೋಯ್ತು ಅಂದರೆ ಎಲ್ಲಿಗೆ ಹೋಯಿತು, ಹೇಗೆ ಹೋಯಿತು, ಹೋಗುವಾಗ ಏನು ಸದ್ದು ಮಾಡಿತು, ಇದೊಂದನ್ನೂ ಹೇಳುವುದಿಲ್ಲ. ಆಮೇಲೆ ಅದನ್ನು ಬಿಚ್ಚಿ, ಗಾಡಿಗೆ ಹೇರಿ, ಪೇಟೆಗೆ ಕೊಂಡೊಯ್ದು, ಕೆಟ್ಟಿಲ್ಲದ ಮೋಟಾರಿಗೆ ವೈಂಡಿಂಗ್ ಮಾಡಿಸಿಕೊಂಡು ಬಂದವರೂ ಉಂಟು.

ವೀರನಹೊಸಹಳ್ಳಿ, ಹನಗೋಡಿನ ಕಡೆಯ ಕಾಡಂಚಿನ ಊರುಗಳನ್ನೇ ತೆಗೆದುಕೊಳ್ಳಿ. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರದ ಒಳಹಳ್ಳಿಗಳ ಪಾಡೂ ಬಹುಮಟ್ಟಿಗೆ ಇದೇ. ಇಂಥ ಊರುಗಳಲ್ಲಿ ಒಂದು ಸಣ್ಣ ವರ್ಕ್‌ಶಾಪು ಇರುತ್ತದೆ. ಅಲ್ಲಿ ಒಂದು ಹಳೆಯ ಲೇತು, ಒಂದು ಡ್ರಿಲ್ಲು, ಒಂದು ಸಾಣೆ ಚಕ್ರ. ಕಲ್ಟಿವೇಟರಿನ ಗುಳ ಸವೆದರೆ, ಗಾಡಿಯ ಅಚ್ಚು ಮುರಿದರೆ, ಪಂಪಿನ ಪುಲ್ಲಿ ಸಡಿಲವಾದರೆ ಸುತ್ತಲ ನಾಲ್ಕು ಊರಿನವರಿಗೆ ಅದೇ ಗತಿ. ಮುಂಗಾರಿನ ಉಳುಮೆ, ಹೊಗೆಸೊಪ್ಪಿನ ನಾಟಿಯ ಹೊತ್ತಿನಲ್ಲಿ ಆ ಮೋಟಾರು ಮೂರು ದಿನ ನಿಂತರೆ ವರ್ಕ್‌ಶಾಪಿನವರೊಬ್ಬರಿಗೇ ನಷ್ಟವಲ್ಲ. ಹದ ಯಾರಿಗಾಗಿಯೂ ಕಾಯುವುದಿಲ್ಲ. ಬಲ್ಲ ಮೆಕ್ಯಾನಿಕ್ಕು ಹುಣಸೂರಿನಲ್ಲಿರುತ್ತಾನೆ, ಇಲ್ಲವೆ ಅಲ್ಲಿಂದಾಚೆ ಸುಮಾರು 45 ಕಿಲೋಮೀಟರ್ ದೂರದ ಮೈಸೂರಿನಲ್ಲಿರುತ್ತಾನೆ. ಆದ್ದರಿಂದ ಈ ಹೊತ್ತಿನ ಮಾತು ದೂರದಲ್ಲಿರುವವನಿಗೆ ಮೋಟಾರಿನ ಕಾಯಿಲೆಯನ್ನು ಸರಿಯಾಗಿ ತಿಳಿಸುವ ಬಗ್ಗೆ. ಹಿಟ್ಟಿನ ಗಿರಣಿಗೂ ಮೇವು ಕತ್ತರಿಸುವ ಯಂತ್ರಕ್ಕೂ ಇದೇ ಮಾತು ಸಲ್ಲುತ್ತದೆ.

ಮೊದಲಿಗೆ ಒಂದು ಕಟ್ಟು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಸ್ಟಾರ್ಟರಿನ ಒಳಗೆ, ಇದು ಎಂದೆಂದಿಗೂ ಕೂಡದು. ಫೋನಿನಲ್ಲಿ ಕೇಳಿಸಿಕೊಳ್ಳಿ, ಫೋನು ಕೆಳಗಿಡಿ, ಮೈನು ಇಳಿಸಿ, ಮೂರು ಫ್ಯೂಸುಗಳನ್ನೂ ಕಿತ್ತು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಆಮೇಲೆ ನೋಡುವುದನ್ನು ನೋಡಿ, ಹೊರಗೆ ಬಂದು ಹೇಳಿ. ಫ್ಯೂಸನ್ನು ಜೇಬಿಗೆ ಏಕೆ ಹಾಕಿಕೊಳ್ಳಬೇಕು? ಪಕ್ಕದಲ್ಲಿಟ್ಟರೆ ಯಾರಾದರೂ ಹುಡುಗರು "ಅಣ್ಣ ಮರೆತಿದ್ದಾನೆ" ಎಂದು ಹಾಕಿಬಿಡುತ್ತಾರೆ. ಜೇಬಿನಲ್ಲಿದ್ದರೆ ಆ ಭಯವಿಲ್ಲ. ಇಷ್ಟಾದರೂ ಮೈನಿಗೆ ಬರುವ ತಂತಿಗಳಲ್ಲಿ ಕರೆಂಟು ಇದ್ದೇ ಇರುತ್ತದೆ, ಅತ್ತ ಕೈ ಹೋಗಬಾರದು. ಫೇಸಿಗೂ ಫೇಸಿಗೂ ನಡುವೆ 400ರಿಂದ 415 ವೋಲ್ಟು ಇರುತ್ತದೆ. ಅದು ಮನೆಯ ದೀಪದ 230 ವೋಲ್ಟಿನಂತಲ್ಲ. ದೀಪದ 230 ವೋಲ್ಟೂ ಆಳನ್ನು ಕೊಲ್ಲಲು ಸಾಕು, ಆ ಮಾತು ಬೇರೆ.

ಈಗ ಒಂದು ನಡೆದ ಸಂಗತಿ ಹೇಳುತ್ತೇನೆ. ಕಾಡಂಚಿನ ಒಂದು ಊರಿನ ವರ್ಕ್‌ಶಾಪಿನ ಹುಡುಗ, ಪೇಟೆಯ ಹಿರಿಯ ಮೆಕ್ಯಾನಿಕ್ಕಿಗೆ ಬೆಳಿಗ್ಗೆ ಫೋನು ಮಾಡಿದ.

"ಅಣ್ಣಾ, ಮೋಟಾರು ಸುಟ್ಟೋಯ್ತು. ಬಿಚ್ಕೊಂಡು ಬರ್ಲಾ?"

"ಸುಟ್ಟೋಗೈತೆ ಅಂತ ಹೆಂಗೆ ಗೊತ್ತಾಯ್ತಪ್ಪ? ವಾಸನೆ ಬಂತಾ? ಹೊಗೆ ಬಂತಾ?"

"ವಾಸನೆ ಏನಿಲ್ಲ. ಹಸಿರು ಗುಂಡಿ ಒತ್ತಿದ್ರೆ ಸ್ಟಾರ್ಟರು ಟಕ್ ಅಂತ ಹಿಡೀತದೆ. ಮೋಟಾರು ಗುಂಯ್ ಅಂತದೆ, ತಿರುಗಾಕಿಲ್ಲ."

"ಎಷ್ಟೊತ್ತು ಗುಂಯ್ ಅನ್ನಿಸ್ದೆ?"

"ಎರಡು ಸೆಕೆಂಡು ಅಷ್ಟೇ ಕಣಣ್ಣ. ಹೆದ್ರಿಕೆ ಆಗಿ ಕೆಂಪು ಗುಂಡಿ ಒತ್ಬುಟ್ಟೆ."

"ಒಳ್ಳೇ ಕೆಲ್ಸ ಮಾಡ್ದೆ. ಇನ್ನ ಒತ್ಬೇಡ. ಫ್ಯೂಸ್ ಕಿತ್ಕೊ, ಬೆಲ್ಟ್ ತೆಗಿ. ಮೋಟಾರನ್ನ ಕೈಯಲ್ಲಿ ತಿರುಗ್ಸು, ಲೇತನ್ನ ಬೇರೆ ತಿರುಗ್ಸು. ಫ್ಯೂಸ್ ತಂತಿ ಮೂರೂ ಸರಿಯಾಗಿ ಅವಾ ನೋಡು. ಆಮೇಲೆ ಮಾಡು."

ಕಾಲು ಗಂಟೆ ಬಿಟ್ಟು ಹುಡುಗ ಮತ್ತೆ ಫೋನು ಮಾಡಿದ. ಮೋಟಾರು ಕೈಯಲ್ಲಿ ಹಗುರವಾಗಿ ತಿರುಗುತ್ತದೆ, ಲೇತೂ ತಿರುಗುತ್ತದೆ, ಮೂರು ಫ್ಯೂಸ್ ತಂತಿಯೂ ಸರಿಯಾಗಿವೆ. ಮೆಕ್ಯಾನಿಕ್ಕು ಕೇಳಿದ: "ಊರಲ್ಲಿ ಮನೆಗಳ ಲೈಟು ಹೆಂಗೈತೆ?" ಹುಡುಗನಿಗೆ ಗೊತ್ತಿಲ್ಲ. ಹಿಂದಿನಿಂದ ಅವನ ತಾಯಿ ಹೇಳಿದರು: "ನಮ್ಮನೇಲಿ ಬೆಳಿಗ್ಗೆಯಿಂದ ಮಿಕ್ಸಿ ಓಡ್ತಿಲ್ಲ ಕಣಪ್ಪ. ಬಲ್ಬು ಮಿಣುಕು ದೀಪದಂಗೆ ಉರೀತದೆ. ಪಕ್ಕದ ಮನೇಲಿ ಚೆನ್ನಾಗೈತೆ." ಅಲ್ಲಿಗೆ ಕಾಯಿಲೆ ಗೊತ್ತಾಯಿತು. ಕಂಬದಿಂದ ಬರುವ ಮೂರು ಫೇಸಿನಲ್ಲಿ ಒಂದು ಇಲ್ಲ. ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಿದರು. ಲೈನ್‌ಮನ್ ಬಂದು ನೋಡಿದರೆ ಟಿ.ಸಿ.ಯ ಬಳಿ ಒಂದು ಫ್ಯೂಸು ಹೋಗಿತ್ತು. ಸಂಜೆಗೆ ಲೇತು ಓಡಿತು. ವೈಂಡಿಂಗ್ ಖರ್ಚು ಉಳಿಯಿತು. ಆ ಕಾಯಿಲೆ ಹಿಡಿದವರು ಮಿಕ್ಸಿಯ ಸುದ್ದಿ ಹೇಳಿದ ತಾಯಿ, ಅದನ್ನು ಕೇಳಬೇಕೆಂದು ಹೊಳೆದವನು ಮೆಕ್ಯಾನಿಕ್ಕು. ಮೋಟಾರಿನ ಹತ್ತಿರ ಇಬ್ಬರೂ ಹೋಗಲಿಲ್ಲ.

ಇದರ ಒಳಗುಟ್ಟು ಇಷ್ಟು. ಮೂರು ಫೇಸಿನ ಮೋಟಾರು ಮೂರು ಜನ ಹೆಗಲು ಕೊಟ್ಟು ಎತ್ತುವ ತೊಲೆ ಇದ್ದ ಹಾಗೆ. ಒಬ್ಬ ಬರದಿದ್ದರೆ ನೆಲದಿಂದ ತೊಲೆ ಏಳುವುದಿಲ್ಲ. ಉಳಿದವರು ತಿಣುಕುತ್ತಾರೆ, ಅದೇ ಆ ಗುಂಯ್ ಸದ್ದು. ಆದರೆ ಹೊತ್ತು ನಡೆಯುತ್ತಿರುವಾಗ ಒಬ್ಬ ಬಿಟ್ಟರೆ ಉಳಿದವರು ಹೇಗೋ ನಾಲ್ಕು ಹೆಜ್ಜೆ ಎಳೆಯುತ್ತಾರೆ. ಹಾಗೆಯೇ ಓಡುತ್ತಿರುವ ಮೋಟಾರಿಗೆ ಒಂದು ಫೇಸು ತಪ್ಪಿದರೂ ಅದು ನಿಲ್ಲದೆ ಓಡಬಹುದು. ಸದ್ದು ಬದಲಾಗುತ್ತದೆ, ಮೈ ಕಾಯುತ್ತದೆ. 5 ಅಶ್ವಶಕ್ತಿಯ ಮೋಟಾರು ಪೂರಾ ಹೊರೆಯಲ್ಲಿ ಸುಮಾರು 7.5 ಆಂಪಿಯರ್ ಎಳೆಯುತ್ತದೆ ಎನ್ನಿ. ಒಂದು ಫೇಸು ತಪ್ಪಿದಾಗ ಅದೇ ಹೊರೆಗೆ ಉಳಿದೆರಡು ತಂತಿಗಳಲ್ಲಿ 13 ಆಂಪಿಯರ್ ಹತ್ತಿರ ಹರಿಯುತ್ತದೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಸರಿಯಾಗಿದ್ದರೆ ಕಿತ್ತುಹಾಕುತ್ತದೆ. "ಪದೇ ಪದೇ ಕೀಳ್ತದೆ" ಎಂದು ಯಾರೋ ಅದರ ತಿರುಪನ್ನು ಕೊನೆಯವರೆಗೆ ತಿರುಗಿಸಿಟ್ಟಿದ್ದರೆ ವೈಂಡಿಂಗು ಸುಡುತ್ತದೆ. ಮೂರು ಫ್ಯೂಸಿಗೂ ಫ್ಯೂಸ್ ತಂತಿಯ ಬದಲು ಬೇಲಿ ತಂತಿ ಕಟ್ಟಿರುವುದನ್ನೂ ಹಳ್ಳಿಗಳಲ್ಲಿ ನೋಡಿದ್ದೇವೆ. ಅದು ಕಳ್ಳನಿಗೆ ಹೆದರಿ ನಾಯಿ ಸಾಕಿ, ಬೊಗಳುತ್ತದೆಂದು ಅದರ ಬಾಯಿ ಕಟ್ಟಿದ ಹಾಗೆ.

ಸ್ಟಾರ್ಟರು ಟಕ್ ಎಂದು ಹಿಡಿಯಿತು ಎಂದು ಹುಡುಗ ಹೇಳಿದನಲ್ಲ, ಅದೂ ಒಂದು ಬೆಲೆಬಾಳುವ ಸುದ್ದಿ. ಸ್ಟಾರ್ಟರಿನ ಕಾಯಿಲು ಸಾಮಾನ್ಯವಾಗಿ ಎರಡು ಫೇಸುಗಳ ನಡುವೆ ಇರುತ್ತದೆ. ಹಿಡಿಯಿತು ಅಂದರೆ ಆ ಎರಡು ಫೇಸು ಇವೆ, ತಪ್ಪಿರುವುದು ಮೂರನೆಯದು. ಗುಂಡಿ ಒತ್ತಿದರೂ ಸದ್ದೇ ಇಲ್ಲದಿದ್ದರೆ ಆ ಎರಡರಲ್ಲಿ ಒಂದು ಇಲ್ಲ, ಇಲ್ಲವೆ ಕಾಯಿಲು ಕಡಿದಿದೆ, ಇಲ್ಲವೆ ರಿಲೇ ಬಿದ್ದಿದೆ, ಅಥವಾ ಕೆಂಪು ಗುಂಡಿ ಒಳಗೇ ಸಿಕ್ಕಿಕೊಂಡಿದೆ. ಕಡೆಯದಕ್ಕೆ ಖರ್ಚೇ ಇಲ್ಲ.

ಇಲ್ಲಿ ಟೆಸ್ಟರಿನ ವಿಚಾರ ಹೇಳಲೇಬೇಕು. "ಟೆಸ್ಟರ್ ಇಟ್ಟು ನೋಡ್ದೆ, ಮೂರೂ ಫೇಸಲ್ಲಿ ದೀಪ ಬತ್ತದೆ" ಎಂದು ಬಹಳ ಜನ ಆಣೆ ಮಾಡಿ ಹೇಳುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ. ಸುಳ್ಳು ಹೇಳುವುದು ಟೆಸ್ಟರು. ಒಂದು ಫೇಸು ಕಂಬದಲ್ಲೇ ತಪ್ಪಿದ್ದರೂ, ಅದೇ ಲೈನಿನಲ್ಲಿ ಇನ್ನೊಬ್ಬರ ಮೂರು ಫೇಸಿನ ಮೋಟಾರು ಹಾಕಿಕೊಂಡಿದ್ದರೆ, ಉಳಿದೆರಡು ಫೇಸಿನ ಕರೆಂಟು ಆ ಮೋಟಾರಿನ ವೈಂಡಿಂಗಿನ ಮೂಲಕ ಹಾದು, ತಪ್ಪಿದ ತಂತಿಗೆ ಹಿಂದಿನಿಂದ ಬರುತ್ತದೆ. ಟೆಸ್ಟರಿನ ಪುಟ್ಟ ದೀಪಕ್ಕೆ ಅಷ್ಟು ಸಾಕು, ಜಗ್ಗನೆ ಉರಿಯುತ್ತದೆ. ಮೋಟಾರನ್ನು ಎಬ್ಬಿಸಲು ಅದು ಸಾಲದು. ಆದ್ದರಿಂದ ಟೆಸ್ಟರನ್ನು ನಂಬಿ "ಕರೆಂಟು ಸರಿಯಾಗಿದೆ, ಮೋಟಾರೇ ಕೆಟ್ಟಿದೆ" ಎಂದು ತೀರ್ಮಾನಿಸಬೇಡಿ. ಮೀಟರು ಹಿಡಿದು ಮೊದಲನೆಯದಕ್ಕೂ ಎರಡನೆಯದಕ್ಕೂ, ಎರಡನೆಯದಕ್ಕೂ ಮೂರನೆಯದಕ್ಕೂ, ಮೂರನೆಯದಕ್ಕೂ ಮೊದಲನೆಯದಕ್ಕೂ, ಹೀಗೆ ಮೂರು ಸಲ ಅಳೆದಾಗಲೇ ನಿಜ ತಿಳಿಯುವುದು. ಮೂರು ಅಳತೆಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಈ ಅಳತೆಯನ್ನು ಕಲಿತವರೇ ಮಾಡಬೇಕು. ನಿಮ್ಮೂರಲ್ಲಿ ವೈರಿಂಗ್ ಕೆಲಸ ಬಲ್ಲ ಹುಡುಗನಿದ್ದರೆ ಅವನನ್ನು ಕರೆಯಿರಿ. ಇಲ್ಲದಿದ್ದರೆ ಮನೆಮನೆಯ ದೀಪ ನೋಡಿಕೊಂಡು ಬನ್ನಿ. ಒಂದು ಟಿ.ಸಿ.ಯ ಮನೆಗಳನ್ನು ಮೂರು ಫೇಸಿಗೂ ಹಂಚಿ ಕೊಟ್ಟಿರುತ್ತಾರೆ. ಕೆಲವು ಮನೆಗಳಲ್ಲಿ ಮಾತ್ರ ದೀಪ ಮಂಕಾಗಿದ್ದರೆ ಅಥವಾ ಆರಿದ್ದರೆ ಯಾವ ಮೀಟರೂ ಬೇಡ. ಇದಕ್ಕಾಗಿ ಟಿ.ಸಿ.ಯ ಹತ್ತಿರ ಹೋಗಿ ಫ್ಯೂಸು ಕಟ್ಟುವ ಸಾಹಸ ಮಾತ್ರ ಬೇಡ. ಆ ಕೆಲಸ ಲೈನ್‌ಮನ್‌ದು.

ಇನ್ನು ಸದ್ದುಗಳು. ಗುಂಡಿ ಒತ್ತಿರುವಷ್ಟು ಹೊತ್ತು ಮೋಟಾರು ಚೆನ್ನಾಗಿ ಓಡಿ, ಬೆರಳು ತೆಗೆದೊಡನೆ ನಿಲ್ಲುತ್ತದೆಯೆ? ಹಾಗೆಂದು ಹೇಳಿದರೆ ಸಾಕು, ಬಲ್ಲವನು ಕೂತಲ್ಲೇ ಕಾಯಿಲೆ ಹೇಳುತ್ತಾನೆ. ಸ್ಟಾರ್ಟರನ್ನು ಹಿಡಿದಿಡುವ ಪುಟ್ಟ ಕಾಂಟ್ಯಾಕ್ಟು ಸವೆದಿದೆ ಅಥವಾ ಅದರ ತಂತಿ ಬಿಟ್ಟಿದೆ. ಗುಂಡಿಗೆ ಕಡ್ಡಿ ಸಿಕ್ಕಿಸಿ ಕೆಲಸ ಸಾಗಿಸುವವರಿದ್ದಾರೆ. ಇದು ಕೂಡದು, ಕರೆಂಟು ಹೋಗಿ ಬಂದಾಗ ಯಂತ್ರ ತಾನೇ ಎದ್ದು ಓಡುತ್ತದೆ, ಆ ಹೊತ್ತಿಗೆ ಕೈ ಎಲ್ಲಿರುತ್ತದೋ ಯಾರು ಬಲ್ಲರು? ಸ್ಟಾರ್ಟರು ಕಟಕಟಕಟ ಎಂದು ನಡುಗಿದರೆ ವೋಲ್ಟೇಜು ಕಡಿಮೆ ಇರಬಹುದು, ಅಥವಾ ಕಬ್ಬಿಣದ ಎರಡು ಮುಖಗಳ ನಡುವೆ ತುಕ್ಕು, ಧೂಳು, ಸತ್ತ ಇರುವೆ ಸೇರಿರಬಹುದು. ಇರುವೆ ಎಂದರೆ ನಗಬೇಡಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಅವು ಸ್ಟಾರ್ಟರಿನಲ್ಲೇ ಸಂಸಾರ ಹೂಡುತ್ತವೆ. ಹಲ್ಲಿ ಹೋಗಿ ಫೇಸುಗಳ ನಡುವೆ ಸತ್ತರೆ ದಪ್ಪನೆ ಫ್ಯೂಸು ಹಾರುತ್ತದೆ. ಗರಗರ ಎಂದರೆ ಬೇರಿಂಗು, ಅದು ಕರೆಂಟಿನ ಕಾಯಿಲೆಯೇ ಅಲ್ಲ. ಇವನ್ನು ಬಾಯಲ್ಲಿ ಅಣಕಿಸಿ ತೋರಿಸುವುದಕ್ಕಿಂತ ಫೋನಿನಲ್ಲಿ ಹತ್ತು ಸೆಕೆಂಡು ಹಿಡಿದು ಕಳಿಸುವುದು ಮೇಲು. ಗುಂಯ್ ಎಂದು ತಿರುಗದೆ ನಿಂತ ಮೋಟಾರಿನ ಸದ್ದನ್ನು ಮಾತ್ರ ಹಿಡಿಯಲು ಹೋಗಬೇಡಿ, ಆ ಹತ್ತು ಸೆಕೆಂಡು ಅದಕ್ಕೆ ಬಲು ದುಬಾರಿ.

ಕೆಲವು ಕಾಯಿಲೆ ಬಂದು ಹೋಗುವಂಥವು. ಮೆಕ್ಯಾನಿಕ್ಕು ಬಂದಾಗ ಮೋಟಾರು ಸಾಧುವಿನ ಹಾಗೆ ಓಡುತ್ತದೆ, ಅವನು ಬಸ್ಸು ಹತ್ತಿದ ಮೇಲೆ ನಿಲ್ಲುತ್ತದೆ. ಇಂಥದಕ್ಕೆ ಒಂದು ನೋಟುಪುಸ್ತಕವೇ ಮದ್ದು. ಎಷ್ಟು ಗಂಟೆಗೆ ನಿಂತಿತು, ಎಷ್ಟು ಹೊತ್ತು ಓಡಿ ನಿಂತಿತು, ಎಷ್ಟು ಹೊತ್ತು ಆರಿದ ಮೇಲೆ ಮತ್ತೆ ಹಿಡಿಯಿತು, ಆಗ ಮಳೆಯೋ ಬಿಸಿಲೋ, ಸುತ್ತಲ ಪಂಪುಸೆಟ್ಟುಗಳು ಓಡುತ್ತಿದ್ದವೋ ಇಲ್ಲವೋ, ಬರೆಯಿರಿ. ಪಂಪುಸೆಟ್ಟುಗಳೆಲ್ಲ ಎದ್ದ ಹೊತ್ತಿನಲ್ಲೇ ನಿಲ್ಲುತ್ತಿದ್ದರೆ ವೋಲ್ಟೇಜು ಇಳಿಯುತ್ತಿದೆ. ಮಳೆಯ ಮಾರನೆ ದಿನ ನಿಲ್ಲುತ್ತಿದ್ದರೆ ತೇವ. ಹೊಸ ಬೆಲ್ಟು ಹಾಕಿದ ದಿನದಿಂದ ಶುರುವಾಗಿದ್ದರೆ ಬೆಲ್ಟು ಬಿಗಿಯಾಗಿದೆ. ಕಾಡಂಚಿನಲ್ಲಿ ಸಿಗ್ನಲ್ಲು ಬಂದು ಹೋಗುವಂಥದ್ದು. ವರ್ಕ್‌ಶಾಪಿನೊಳಗೆ ಮಾತು ಕೇಳಿಸದು, ಬಯಲಿಗೆ ಬಂದರೆ ಮೋಟಾರು ಕಾಣದು. ಮೊದಲೇ ಬರೆದುಕೊಂಡಿದ್ದರೆ ನಿಂತಲ್ಲಿಂದಲೇ ಓದಿ ಹೇಳಬಹುದು.

ಆ ಪುಸ್ತಕದ ಮೊದಲ ಹಾಳೆಯಲ್ಲಿ ಮೋಟಾರಿನ ಬಿಲ್ಲೆಯ ಬರಹ ಇರಬೇಕು. ಎಷ್ಟು ಅಶ್ವಶಕ್ತಿ ಅಥವಾ ಕಿಲೋವ್ಯಾಟ್, ಎಷ್ಟು ವೋಲ್ಟು, ಎಷ್ಟು ಆಂಪಿಯರ್, ನಿಮಿಷಕ್ಕೆ ಎಷ್ಟು ಸುತ್ತು, ಸ್ಟಾರೋ ಡೆಲ್ಟಾವೋ. ಹಳೆಯ ಬಿಲ್ಲೆಗೆ ಬಣ್ಣ ಬಳಿದಿರುತ್ತಾರೆ, ಎಣ್ಣೆ ಜಿಡ್ಡು ಹಿಡಿದಿರುತ್ತದೆ. ಕರೆಂಟು ತೆಗೆದು, ಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ತಿಕ್ಕಿದರೆ ಕೊರೆದ ಅಕ್ಷರ ಎದ್ದು ಕಾಣುತ್ತವೆ. ನಮ್ಮ ಕಡೆಯ ಎಷ್ಟೋ ವರ್ಕ್‌ಶಾಪುಗಳಲ್ಲಿ ಇರುವುದು ಬೆಂಗಳೂರು ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಮೋಟಾರು, ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತು. ಆ ಎರಡು ಕಾರ್ಖಾನೆಗಳೂ ಮುಚ್ಚಿ ಎರಡು ದಶಕದ ಮೇಲಾಯಿತು. ಅವು ಮಾಡಿದ ಯಂತ್ರಗಳು ಇನ್ನೂ ದುಡಿಯುತ್ತಿವೆ. ಬಿಡಿಭಾಗ ಕೇಳಿ ಕಾರ್ಖಾನೆಗೆ ಬರೆಯುವಂತಿಲ್ಲವಾದ್ದರಿಂದ ಆ ಬಿಲ್ಲೆಯ ಬರಹವೇ ನಿಮ್ಮ ಯಂತ್ರದ ಜಾತಕ. ಸ್ಟಾರ್ಟರಿನ ಕಾಯಿಲು ತರಲು ಹೋಗುವಾಗ ಅದರ ಮೇಲಿನ ವೋಲ್ಟಿನ ಅಂಕೆಯನ್ನೂ ನೋಡಿ. 230ರ ಕಾಯಿಲನ್ನು 415ಕ್ಕೆ ಹಾಕಿದರೆ ಹಾಕಿದ ಗಳಿಗೆಯಲ್ಲೇ ಹೋಗುತ್ತದೆ.

ಮೈ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಎಲ್ಲ ವಿಚಾರಣೆಯೂ ನಿಲ್ಲಬೇಕು. "ಚಪ್ಪಲಿ ಹಾಕ್ಕೊಂಡ್ರೆ ಏನೂ ಆಗಾಕಿಲ್ಲ" ಎಂಬ ಮಾತು ನಡೆಯದು. ವೈಂಡಿಂಗಿನ ಕರೆಂಟು ಕಬ್ಬಿಣಕ್ಕೆ ಇಳಿದಿದೆ, ಅರ್ಥಿಂಗ್ ತಂತಿ ಕಡಿದಿದೆ. ಎರಡೂ ಕೂಡಿದಾಗಲೇ ಜುಮ್ ಎನ್ನುವುದು. ಫ್ಯೂಸು ಕಿತ್ತು, ಬಾಗಿಲು ಹಾಕಿ, ಕಲಿತವನು ಬರುವವರೆಗೆ ಮುಟ್ಟಬೇಡಿ. ಸಾಮಾನ್ಯ ಎಂ.ಸಿ.ಬಿ. ಶಾಕಿನಿಂದ ಕಾಪಾಡುವುದಿಲ್ಲ, ಅದು ಇರುವುದು ತಂತಿಯನ್ನು ಕಾಯಲು. ಆಳನ್ನು ಕಾಯುವುದು 30 ಮಿಲಿ ಆಂಪಿಯರಿಗೆ ಕಿತ್ತುಹಾಕುವ ಇ.ಎಲ್.ಸಿ.ಬಿ. ಎಂಬ ಬೇರೆ ಸಾಧನ. ಅಕಸ್ಮಾತ್ ಯಾರಿಗಾದರೂ ಹಿಡಿದರೆ ಅವರನ್ನು ಮುಟ್ಟದೆ ಮೊದಲು ಮೈನು ಇಳಿಸಿ. ಇಳಿಸಲಾಗದಿದ್ದರೆ ಒಣ ಮರದ ದೊಣ್ಣೆಯಿಂದ ಬಿಡಿಸಿ. 108ಕ್ಕೆ ಕರೆ ಹೋಗಲಿ.

ಲೈನಿನ ದುರಸ್ತಿಯಾದ ಮೇಲೆ ಮೋಟಾರು ತಿರುಗುವ ದಿಕ್ಕನ್ನು ನೋಡುವವರು ಕಡಿಮೆ. ಕಂಬದಲ್ಲಿ ಎರಡು ಫೇಸು ಅದಲುಬದಲಾದರೆ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ. ಗಿರಣಿಯಲ್ಲಾದರೆ ಹಿಟ್ಟು ಬೀಳುವುದಿಲ್ಲ, ಅಷ್ಟೇ. ಸಾಣೆ ಚಕ್ರದಲ್ಲಿ ಹಾಗಲ್ಲ. ಅದರ ಎರಡು ಕಡೆಯ ನಟ್ಟುಗಳ ಮರೆಯನ್ನು ತಿರುಗುವಾಗ ಬಿಗಿಯಾಗುವಂತೆ ಕೊರೆದಿರುತ್ತಾರೆ, ಒಂದು ಕಡೆ ಬಲಮರೆ, ಇನ್ನೊಂದು ಕಡೆ ಎಡಮರೆ. ಉಲ್ಟಾ ತಿರುಗಿದರೆ ಎರಡೂ ಸಡಿಲವಾಗುತ್ತವೆ, ಕಲ್ಲಿನ ಚಕ್ರ ಕಳಚಿ ಹಾರಬಹುದು. ಮರೆ ಹಾಕಿ ಕೂರಿಸಿದ ಹಳೆಯ ಲೇತಿನ ಚಕ್ಕು ಕೂಡ ಹೀಗೆಯೇ ಬಿಚ್ಚಿಕೊಳ್ಳುತ್ತದೆ. ಆದುದರಿಂದ ಮೋಟಾರಿನ ಪುಲ್ಲಿಯ ಮೇಲೆ ಇಂದೇ ಬಣ್ಣದಲ್ಲಿ ಒಂದು ಬಾಣದ ಗುರುತು ಬರೆದಿಡಿ. ಲೈನ್‌ಮನ್ ಬಂದು ಹೋದ ಮೇಲೆ, ಬೆಲ್ಟಿರುವ ಯಂತ್ರಕ್ಕೆ ಬೆಲ್ಟು ತೆಗೆದು, ನೇರ ಮೋಟಾರಿನ ಸಾಣೆಯಾದರೆ ಪಕ್ಕಕ್ಕೆ ಸರಿದು ನಿಂತು, ಒಂದು ಗಳಿಗೆ ಗುಂಡಿ ಒತ್ತಿ ಬಿಟ್ಟು ದಿಕ್ಕು ನೋಡಿ. ತಪ್ಪಿದ್ದರೆ ಮೂರರಲ್ಲಿ ಯಾವುದಾದರೂ ಎರಡು ತಂತಿ ಅದಲುಬದಲು ಮಾಡಿಸಿದರೆ ಸರಿಹೋಗುತ್ತದೆ.

ಇಷ್ಟೆಲ್ಲ ಆಗಿಯೂ ಮೋಟಾರು ನಿಜವಾಗಿ ಸುಟ್ಟಿದ್ದರೆ ಪೇಟೆಗೆ ಒಯ್ಯಲೇಬೇಕು. ಬಿಚ್ಚುವ ಮೊದಲು ಟರ್ಮಿನಲ್ ಪೆಟ್ಟಿಗೆಯ ಫೋಟೋ ತೆಗೆಯಿರಿ, ಪ್ರತಿ ತಂತಿಗೂ ಕಾಗದ ಸುತ್ತಿ ಗುರುತು ಹಾಕಿ. ವೈಂಡಿಂಗ್ ಮಾಡುವವನ ಹತ್ತಿರ ಒಂದು ಪ್ರಶ್ನೆ ಕೇಳದೆ ಬರಬೇಡಿ: ಸುಟ್ಟಿರುವುದು ಪೂರಾ ಸುತ್ತಲೂ ಒಂದೇ ಸಮನಾಗಿಯೋ, ಒಂದು ಪಟ್ಟಿ ಬಿಟ್ಟು ಒಂದು ಪಟ್ಟಿಯೋ, ಇಲ್ಲ ಒಂದೇ ಒಂದು ಜಾಗದಲ್ಲೋ? ಸುತ್ತಲೂ ಕರಿದಾಗಿದ್ದರೆ ಹೊರೆ ಹೆಚ್ಚಾಗಿದೆ ಅಥವಾ ವೋಲ್ಟೇಜು ಕಡಿಮೆಯಾಗಿದೆ. ಪಟ್ಟಿಪಟ್ಟಿಯಾಗಿದ್ದರೆ ಒಂದು ಫೇಸು ತಪ್ಪಿ ಓಡಿದೆ. ಒಂದೇ ಜಾಗದಲ್ಲಾದರೆ ತೇವ, ಇಲಿ, ಅಥವಾ ತಂತಿಯ ಮೈ ಸವೆತ. ಕಾರಣ ತಿಳಿಯದೆ ಹೊಸ ವೈಂಡಿಂಗನ್ನು ಅದೇ ಜಾಗಕ್ಕೆ ತಂದು ಕೂರಿಸಿದರೆ ಹಣ ಎರಡನೆಯ ಸಲ ಹೋಗುತ್ತದೆ.

ತಂದ ದಿನ ಆತುರ ಬೇಡ. ಮೂರು ಫ್ಯೂಸಿಗೂ ಹೊಸ ತಂತಿ ಕಟ್ಟಿಸಿ, ಮೂರೂ ಒಂದೇ ದಪ್ಪದವು. ರಿಲೇಯ ತಿರುಪನ್ನು ಬಿಲ್ಲೆಯ ಆಂಪಿಯರಿಗೆ ತಂದಿಡಿಸಿ. ಸ್ಟಾರ್ ಡೆಲ್ಟಾ ಸ್ಟಾರ್ಟರಾದರೆ ಆ ಲೆಕ್ಕ ಬೇರೆ, ಮೆಕ್ಯಾನಿಕ್ಕನ್ನೇ ಕೇಳಿ. ಅರ್ಥಿಂಗ್ ತಂತಿ ಗಟ್ಟಿಯಾಗಿದೆಯೆ ನೋಡಿ. ಬೆಲ್ಟಿಲ್ಲದೆ ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಕರೆಂಟು ತೆಗೆದು, ಅಂಗೈಯ ಹಿಂಬದಿಯಿಂದ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾರದಷ್ಟು ಸುಡುತ್ತಿದ್ದರೆ ಮತ್ತೆ ಫೋನು ಮಾಡಿ. ಸರಿಯಾಗಿದ್ದರೆ ಬೆಲ್ಟು ಹಾಕಬಹುದು.